ನಮ್ಮ ಹೊಳೆಯ ಹೆಸರು ಹೊತ್ತ ಹಡಗು

2019ರ ಆಗಸ್ಟ್ ತಿಂಗಳ ಮಹಾಪೂರವನ್ನು ನಮ್ಮ ಹಾತಕಣಂಗಲೆ, ಶಿರೋಳ ಕಡೆಯ ಯಾವ ರೈತನೂ ಮರೆಯಲಾರ. ವಾರಣಾ, ಪಂಚಗಂಗಾ, ಕೃಷ್ಣಾ ಮೂರೂ ಒಮ್ಮೆಲೇ ಏರಿ ಬಂದವು. ಆಳೆತ್ತರದ ಕಬ್ಬಿನ ಸುಳಿ ಸಹ ಕಾಣದ ಹಾಗೆ ನೀರು ನಿಂತಿತು. ನಾನಾಗ ಶಿರೋಳ ತಾಲೂಕಿನ ಬೀಗರ ಊರಲ್ಲಿ ಸಿಕ್ಕಿಬಿದ್ದಿದ್ದೆ. ಎರಡು ದಿನ ಮಾಳಿಗೆಯ ಮೇಲೆ, ಚುರಮುರಿ ಮತ್ತು ಮಳೆನೀರಿನ ಮೇಲೆ ಕಳೆದೆವು. ಮೂರನೆಯ ದಿನ ಓಣಿಯಲ್ಲಿ ಯಂತ್ರದ ಸದ್ದು ಕೇಳಿತು. ನೌಕಾಪಡೆಯವರ ರಬ್ಬರ್ ದೋಣಿ.

ಹುಡುಗರು ನಮ್ಮ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಅವರಲ್ಲೊಬ್ಬ ಮುಂದಿನವನಿಗೆ ಕೂಗಿ ಹೇಳಿದ: "ಜಾಗ್ರತ್ತ ರಾ, ಕಿಂದ ಕರೆಂಟು ತೀಗಲುನ್ನಾಯಿ." ಕೆಳಗೆ ಕರೆಂಟಿನ ತಂತಿ ಇವೆ, ಜೋಕೆ ಅಂತ. ನನ್ನ ಅವ್ವನ ಮಾತು ತೆಲುಗು. ತಡೆಯಲಾಗದೆ ಮಾಳಿಗೆ ಮೇಲಿಂದಲೇ ಉತ್ತರ ಕೊಟ್ಟೆ: "ಕರೆಂಟು ಲೇದು ಬಾಬೂ, ಮೂಡು ರೋಜುಲಯಿಂದಿ." ಕರೆಂಟು ಹೋಗಿ ಮೂರು ದಿನವಾಗಿತ್ತು. ಆ ಹುಡುಗ ಕತ್ತೆತ್ತಿ ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಮರಾಠಿ ನಾಡಿನ ಮಾಳಿಗೆ ಮೇಲೆ ಕನ್ನಡದ ರುಮಾಲು ಸುತ್ತಿದ ಮನುಷ್ಯನ ಬಾಯಲ್ಲಿ ತೆಲುಗು!

ದೋಣಿಯಲ್ಲಿ ಕೂತ ಮೇಲೆ ಇದು ಯಾವ ನದಿ ಎಂದು ಕೇಳಿದ. ಪಂಚಗಂಗಾ, ಮುಂದೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಕೂಡುತ್ತದೆ ಎಂದೆ. ಅವನು ಒಂದು ಕ್ಷಣ ಸುಮ್ಮನಾಗಿ, "ಮಾದಿ ಕೃಷ್ಣಮ್ಮ ಚಿವರ, ಹಂಸಲದೀವಿ ದಗ್ಗರ" ಎಂದ. ಕೃಷ್ಣೆ ಸಮುದ್ರ ಸೇರುವ ತುದಿಯಲ್ಲೇ ಅವನ ಊರು. ನಾವು ತಲೆಯ ಕಡೆಯವರು, ಅವನು ಬಾಲದ ಕಡೆಯವ. ತನಗೆ ಪಾಠ ಹೇಳಿದ ಹಿರಿಯರೊಬ್ಬರು ಕೃಷ್ಣಾ ಎಂಬ ಹೆಸರಿನ ಹಡಗಿನಲ್ಲೇ ಕೆಲಸ ಮಾಡಿದವರು, ಆ ಹಡಗು ಈಗ ಇಲ್ಲ ಎಂದೂ ಹೇಳಿದ. ಮಾತು ಅಲ್ಲಿಗೇ ನಿಂತಿತು. ಮುಂದಿನ ಮನೆಯಲ್ಲಿ ಬಾಣಂತಿಯೊಬ್ಬಳಿದ್ದಳು.

ಆ ಹಡಗಿನ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಕೇಳುತ್ತ, ಹುಡುಕುತ್ತ ಹೋದಾಗ ತಿಳಿದದ್ದು: ಕೃಷ್ಣಾ ಎಂಬ ಹಡಗು ಒಂದಲ್ಲ, ಎರಡು ಆಗಿ ಹೋಗಿವೆ. ಹುಡುಗ ಹೇಳಿದ್ದು ಎರಡನೆಯದರ ಮಾತು. ನನ್ನ ಮನಸ್ಸು ಹಿಡಿದದ್ದು ಮೊದಲನೆಯದು.

ಅದು ಹುಟ್ಟಿದ್ದು ಇನ್ನೊಂದು ಹೊಳೆಯ ದಂಡೆಯಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಕ್ಲೈಡ್ ನದಿಗೆ ಹೊಂದಿಕೊಂಡಿದ್ದ ಯಾರೋ ಕಂಪನಿಯ ಹಡಗುಕಟ್ಟೆಯಲ್ಲಿ. ಇಲ್ಲಿ 'ಯಾರೋ' ಎಂದರೆ ಯಾರೋ ಒಬ್ಬರು ಅಂತಲ್ಲ, ಆ ಕಂಪನಿಯ ಹೆಸರೇ ಯಾರೋ! 1943ರ ಏಪ್ರಿಲ್‌ನಲ್ಲಿ ನೀರಿಗಿಳಿದು ಅದೇ ವರ್ಷ ಆಗಸ್ಟ್‌ನಲ್ಲಿ ರಾಯಲ್ ಇಂಡಿಯನ್ ನೇವಿಯ ಸೇವೆಗೆ ಸೇರಿತು. ಉದ್ದ ಸುಮಾರು 300 ಅಡಿ, ಅಗಲ 38 ಅಡಿ, ತೂಕ 1,350 ಟನ್. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಬಂಡಿಗೆ ಎರಡು ಟನ್ ಕಬ್ಬು ಹಿಡಿದರೆ ಆರುನೂರೆಪ್ಪತ್ತೈದು ಬಂಡಿ ಕಬ್ಬಿನಷ್ಟು ಭಾರ. ನಾಲ್ಕು ಇಂಚು ಬಾಯಿಯ ಆರು ತೋಪು, ಎರಡೆರಡು ಜೋಡಿಯಾಗಿ. ಓಟ 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್. ಕೇಳಿದವರು ನಗುತ್ತಾರೆ, ನಮ್ಮ ಕೆಂಪು ಬಸ್ಸೇ ಇದಕ್ಕಿಂತ ಜೋರು ಹೋಗುತ್ತದಲ್ಲ ಎಂದು. ಆದರೆ ಈ ಹಡಗಿಗೆ ಓಡುವ ಕೆಲಸವೇ ಇರಲಿಲ್ಲ. ಅದರ ಕೆಲಸ ಕಾಯುವುದು.

ಇಂಥ ಹಡಗಿಗೆ ಸ್ಲೂಪ್ ಎನ್ನುತ್ತಾರೆ. ಯುದ್ಧ ಕಾಲದಲ್ಲಿ ಇಂಡಿಯಾದ ನೌಕಾಪಡೆಗಾಗಿ ಕಟ್ಟಿದ ಆರು ಹೊಸ ಸ್ಲೂಪುಗಳಿಗೆ ನಮ್ಮ ನದಿಗಳ ಹೆಸರಿಟ್ಟಿದ್ದರು. ಸತ್ಲಜ್, ಜಮುನಾ, ನರ್ಮದಾ, ಗೋದಾವರಿ, ಕೃಷ್ಣಾ, ಕಾವೇರಿ. ಇಂಗ್ಲಿಷರ ಬರವಣಿಗೆಯಲ್ಲಿ ನರ್ಮದಾ 'ನರ್ಬದಾ' ಆಗಿತ್ತು, ಕೃಷ್ಣಾ 'ಕಿಸ್ತ್ನಾ' ಆಗಿತ್ತು. ಈ 'ತ' ಎಲ್ಲಿಂದ ಬಂತು? ನನಗನ್ನಿಸುವುದು ಅದು ತೆಲುಗು ಸೀಮೆಯ ಉಸಿರು. ಮಸುಲಿಪಟ್ಟಣದಲ್ಲಿ ಕೋಠಿ ಹಾಕಿ ಕೂತ ಇಂಗ್ಲಿಷರ ಕಿವಿಗೆ ಅಲ್ಲಿಯ ಜನರ ಬಾಯಿಯ 'ಕಿಷ್ಟ' ಬಿದ್ದಿರಬೇಕು. ನಮ್ಮಲ್ಲೂ ಕೃಷ್ಣ ಕಿಟ್ಟನಾಗುತ್ತಾನೆ, ಕಿಷ್ಟಪ್ಪನಾಗುತ್ತಾನೆ. ಅಂತೂ ಬಿಳಿಯರು ಬರೆದದ್ದು ತಪ್ಪೆಂದು ನಕ್ಕರೂ, ಆ ತಪ್ಪಿನೊಳಗೆ ನಮ್ಮ ಹಳ್ಳಿಯ ಬಾಯಿ ಇದೆ.

ಬೆಂಗಾವಲು ಎಂದರೇನು ಎಂದು ನಮ್ಮ ಕಡೆಯ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಂದೆ ಬೆಲ್ಲದ ಬಂಡಿಗಳು ಫೋಂಡಾ ಘಾಟ್ ಇಳಿದು ಕೊಂಕಣಕ್ಕೆ ಹೋಗುವಾಗ ಒಂಟಿಯಾಗಿ ಹೋಗುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಹತ್ತಿಪ್ಪತ್ತು ಬಂಡಿ ಸಾಲಾಗಿ, ಹಿಂದೆ ಮುಂದೆ ದೊಣ್ಣೆಯವರು. ಎಲ್ಲಕ್ಕಿಂತ ಮುದಿ ಎತ್ತು ಎಷ್ಟು ನಡೆಯುತ್ತದೋ ಅಷ್ಟೇ ಇಡೀ ಸಾಲಿನ ನಡಿಗೆ. ಸಮುದ್ರದಲ್ಲೂ ಇದೇ ನಿಯಮ. ಎಣ್ಣೆ ಹೊತ್ತದ್ದು, ಗೋಧಿ ಹೊತ್ತದ್ದು, ಸಿಪಾಯಿಗಳನ್ನು ಹೊತ್ತದ್ದು ಎಲ್ಲ ಹಡಗುಗಳೂ ಗುಂಪಾಗಿ, ಎಲ್ಲಕ್ಕಿಂತ ನಿಧಾನದ ಹಡಗಿನ ಲೆಕ್ಕದಲ್ಲಿ ಸಾಗಬೇಕು. ಸುತ್ತ ಕಾವಲಿನ ಹಡಗು. ದಾರಿ ಕೂಡ ನೇರವಲ್ಲ, ಶತ್ರುವಿಗೆ ಗುರಿ ಸಿಗದಂತೆ ಅಂಕುಡೊಂಕು.

ಕಳ್ಳನು ಕಾಣುವುದಿಲ್ಲ, ಅವನು ನೀರಿನೊಳಗಿದ್ದಾನೆ. ಅವನನ್ನು ಕಿವಿಯಿಂದ ಹುಡುಕಬೇಕು. ಆಸ್ಡಿಕ್ ಎಂಬ ಯಂತ್ರ ನೀರಿನೊಳಗೆ ಒಂದು ಸದ್ದು ಬಿಡುತ್ತದೆ. ಆ ಸದ್ದು ಜಲಾಂತರ್ಗಾಮಿಯ ಕಬ್ಬಿಣಕ್ಕೆ ಬಡಿದು ಮರಳಿ ಬಂದರೆ, ಎಷ್ಟು ಹೊತ್ತಿಗೆ ಬಂತು ಎಂಬುದರ ಮೇಲೆ ದೂರ ಎಣಿಸಬೇಕು. ಬಾವಿಯ ಆಳ ತಿಳಿಯಲು ನಾವು ಮೇಲಿಂದ ಕೂಗು ಹಾಕುತ್ತೇವಲ್ಲ, ಅದರ ದೊಡ್ಡಣ್ಣ. ಇದೆ ಎಂದು ಖಾತ್ರಿಯಾದರೆ ಡೆಪ್ತ್ ಚಾರ್ಜ್ ಎಂಬ ಪೀಪಾಯಿಯಂಥ ಬಾಂಬುಗಳನ್ನು ಉರುಳಿಸುತ್ತಾರೆ. ಇಷ್ಟು ಆಳಕ್ಕೆ ಹೋಗಿ ಸಿಡಿಯಲಿ ಎಂದು ಮೊದಲೇ ಕೀಲಿ ತಿರುವಿಟ್ಟಿರುತ್ತಾರೆ.

ಕಾವಲು ತಪ್ಪಿದರೆ ಏನಾಗುತ್ತಿತ್ತು ಎನ್ನುವುದಕ್ಕೆ 1944ರ ಫೆಬ್ರುವರಿಯ ಎರಡು ದಿನ ಸಾಕು. 11ನೆಯ ತಾರೀಖು ವಿಶಾಖಪಟ್ಟಣದ ಆಚೆ ಬಂಗಾಳ ಕೊಲ್ಲಿಯಲ್ಲಿ ಜಪಾನಿನ ಆರ್‌ಓ-110 ಎಂಬ ಜಲಾಂತರ್ಗಾಮಿ ಒಂದು ಹಡಗು ಸಾಲಿನ ಮೇಲೆ ಬಿತ್ತು. ಕೃಷ್ಣೆಯ ಅಕ್ಕ ಜಮುನಾ, ಎರಡು ಆಸ್ಟ್ರೇಲಿಯನ್ ಹಡಗುಗಳ ಜೊತೆ ಸೇರಿ ಅದನ್ನು ಮುಳುಗಿಸಿತು. ಮರುದಿನವೇ ಮಾಲ್ಡೀವ್ಸ್ ಬಳಿ ಇನ್ನೊಂದು ಜಲಾಂತರ್ಗಾಮಿ ಖೆದೀವ್ ಇಸ್ಮಾಯಿಲ್ ಎಂಬ ಸೈನಿಕರ ಹಡಗಿಗೆ ಹೊಡೆಯಿತು. ಕಾವಲು ಅಲ್ಲೂ ಇತ್ತು. ಆದರೂ ಎರಡು ಮಿನಿಟು ಕೂಡ ಹಿಡಿಯಲಿಲ್ಲ, 1,297 ಜನ ಹೋದರು. ಅವರಲ್ಲಿ ನರ್ಸುಗಳಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಸೇಶೆಲ್ಸ್ ಕಡೆ ಜರ್ಮನಿಯ ಯು-198 ಅನ್ನು ಮುಳುಗಿಸಿದ್ದರಲ್ಲಿ ಗೋದಾವರಿಗೆ ಪಾಲಿದೆ.

ನಮ್ಮ ಕೃಷ್ಣಾದ ಹೆಸರಿಗೆ ಅಂಥ ಬೇಟೆ ಯಾವುದೂ ಇಲ್ಲ. ಹಿಂದೂ ಮಹಾಸಾಗರದಲ್ಲಿ ಹಡಗು ಸಾಲುಗಳನ್ನು ದಡ ಮುಟ್ಟಿಸುತ್ತ ಇತ್ತು, ಅಷ್ಟೇ. 1945ರಲ್ಲಿ ಬರ್ಮಾದ ಅರಾಕಾನ್ ದಂಡೆಯ ಮೇಲೆ ಸೈನ್ಯ ಇಳಿಸುವ ಕೆಲಸದಲ್ಲಿ ತೋಪು ಹಾರಿಸಿತು. ಇದನ್ನು ಓದಿದಾಗ ಮೊದಲು ನನಗೆ ಪಿಚ್ಚೆನಿಸಿತು. ನಮ್ಮ ಹೊಳೆಯ ಹಡಗು ಒಂದು ಶತ್ರುವನ್ನೂ ಮುಳುಗಿಸಲಿಲ್ಲವೇ ಎಂದು. ಆಮೇಲೆ ನನ್ನ ಜೋಳದ ಹೊಲದ ನೆನಪಾಯಿತು. ತೆನೆ ಹಾಲುಗಾಳು ಕಟ್ಟಿದಾಗ ಅಟ್ಟಣಿಗೆ ಮೇಲೆ ರಾತ್ರಿಯೆಲ್ಲ ಕೂತು ಹಂದಿ ಕಾಯುತ್ತೇವೆ. ಬೆಳಿಗ್ಗೆ ಹೆಂಡತಿ ಕೇಳುತ್ತಾಳೆ, "ರಾತ್ರಿ ಏನರ ಆತೇನ್ರೀ?" ಏನೂ ಆಗಲಿಲ್ಲ ಎನ್ನುತ್ತೇವೆ. ಏನೂ ಆಗದಿದ್ದದ್ದೇ ಆ ರಾತ್ರಿಯ ದುಡಿಮೆ.

ಆ ಸಾಲುಗಳಲ್ಲಿ ಬಂದ ಎಣ್ಣೆಯೇ ಇಂಡಿಯಾದ ಲಾರಿ, ಚಿಮಣಿಗಳನ್ನು ನಡೆಸಿತು. ಬರ್ಮಾ ಜಪಾನಿಗಳ ಕೈಗೆ ಹೋಗಿ ಅಲ್ಲಿನ ಅಕ್ಕಿ ನಿಂತು, 1943ರಲ್ಲಿ ಬಂಗಾಳ ಹಸಿವಿನಿಂದ ಸತ್ತ ಕಾಲ ಅದು. ಸಮುದ್ರದ ದಾರಿ ನಮ್ಮ ಸೀಮೆಗೂ ಒಂದು ಗುರುತು ಬಿಟ್ಟಿದೆ. ಹಾತಕಣಂಗಲೆಯಿಂದ ರೈಲಿನಲ್ಲಿ ಕೊಲ್ಹಾಪುರಕ್ಕೆ ಹೊರಟರೆ ರುಕಡಿ ದಾಟಿದ ಮೇಲೆ ವಳಿವಡೆ ಬರುತ್ತದೆ. 1943ರಿಂದ 1948ರವರೆಗೆ ಅಲ್ಲಿ ಸುಮಾರು 5 ಸಾವಿರ ಪೋಲೆಂಡ್ ಜನ ಇದ್ದರು. ಸ್ಟಾಲಿನ್ ಕಾಲದಲ್ಲಿ ಸೈಬೀರಿಯಕ್ಕೆ ಗಡಿಪಾರಾದ ಹೆಂಗಸರು, ಮಕ್ಕಳೇ ಹೆಚ್ಚು. ಇರಾನಿನಿಂದ ಹಡಗು ಹತ್ತಿ ಕರಾಚಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದವರು. ಅವರನ್ನು ತಂದದ್ದು ಕೃಷ್ಣಾ ಎಂದು ನಾನು ಹೇಳುತ್ತಿಲ್ಲ. ಆದರೆ ಅಂಥ ದಾರಿಗಳನ್ನು ಕಾಯುತ್ತಿದ್ದ ಹಡಗುಗಳು ಇಂಥವೇ.

ಯುದ್ಧ ಶುರುವಾದಾಗ ಇಂಡಿಯಾದ ನೌಕಾಪಡೆಯಲ್ಲಿ ಎರಡು ಸಾವಿರ ಜನವೂ ಇರಲಿಲ್ಲ. ಮುಗಿಯುವಾಗ 25 ಸಾವಿರ ಮೀರಿತ್ತು. ಯುದ್ಧ ಗೆದ್ದ ಹುಡುಗರಿಗೆ ಸಿಕ್ಕದ್ದು ಕೆಟ್ಟ ಅನ್ನ, ಬಿಳಿ ಅಧಿಕಾರಿಗಳ ಬೈಗುಳ, ಮುಂದಿನ ಬದುಕಿನ ಚಿಂತೆ. 1946ರ ಫೆಬ್ರುವರಿ 18ರಂದು ಮುಂಬಯಿಯ ತಲ್ವಾರ್ ನೆಲೆಯಲ್ಲಿ ಊಟ ಬಿಟ್ಟು ಶುರುವಾದ ಮುಷ್ಕರ 78 ಹಡಗು, 20 ಸಾವಿರ ನಾವಿಕರವರೆಗೆ ಹಬ್ಬಿತು. ಕೃಷ್ಣಾ ಆಗ ದೂರದ ಅಂಡಮಾನ್ ಸಮುದ್ರದಲ್ಲಿ ಸುರಂಗ ಸಿಡಿಗುಂಡು ತೆಗೆಯುವ ಹಡಗುಗಳ ಮುಂದಾಳಾಗಿತ್ತು. ಸುದ್ದಿ ಅಲ್ಲಿಗೂ ರೇಡಿಯೊ ಹಿಡಿದು ಮುಟ್ಟಿತು. ನಮ್ಮಲ್ಲಿ 1942ರ ಚಳವಳಿಯನ್ನು ಹೇಳುವಷ್ಟು ಈ ನಾವಿಕರನ್ನು ಹೇಳುವುದಿಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಇನ್ನು ಗಡಿ ಭಾಗದವರಾದ ನಾವು ಕಿವಿಗೊಟ್ಟು ಕೇಳಬೇಕಾದ ಮಾತು. 1947ರಲ್ಲಿ ದೇಶ ಒಡೆದಾಗ ಹಡಗುಗಳನ್ನೂ ಹಂಚಿದರು. ಅಣ್ಣತಮ್ಮಂದಿರು ಹಿಸೆಯಾಗುವಾಗ ಎತ್ತು, ಬಂಡಿ, ತಾಮ್ರದ ಹಂಡೆ ಹಂಚಿದಂತೆ. ಆರು ನದಿ ಹಡಗುಗಳಲ್ಲಿ ನಾಲ್ಕು ಇತ್ತ, ಎರಡು ಅತ್ತ. ಅತ್ತ ಹೋದದ್ದು ಯಾವುವು? ನಾಸಿಕದ ಗೋದಾವರಿ, ಅಮರಕಂಟಕದ ನರ್ಮದಾ! ಆ ಎರಡು ನದಿಗಳ ಒಂದು ಹನಿ ನೀರೂ ಪಾಕಿಸ್ತಾನದಲ್ಲಿ ಹರಿಯುವುದಿಲ್ಲ. ಅಲ್ಲಿಗೆ ಹರಿದು ಹೋಗುವ ಸತ್ಲಜ್‌ನ ಹಡಗು ಇಲ್ಲೇ ಉಳಿಯಿತು. ಪಾಕಿಸ್ತಾನದವರು ತಮ್ಮ ಪಾಲಿನ ನರ್ಮದಾಗೆ ಜೇಲಂ ಎಂದೂ ಗೋದಾವರಿಗೆ ಸಿಂಧ್ ಎಂದೂ ಹೊಸ ಹೆಸರಿಟ್ಟರು. 1960ರ ಸಿಂಧೂ ಒಪ್ಪಂದದಲ್ಲಿ ಸತ್ಲಜ್ ನೀರು ನಮ್ಮ ಪಾಲಿಗೆ ಬಂತು, ಹೆಸರು ನೀರು ಎರಡೂ ಕೂಡಿಕೊಂಡವು ಅನ್ನಿ. ಹಂಚಿದವರು ಹೆಸರು ನೋಡಲಿಲ್ಲ, ಹಡಗು ನೋಡಿದರು. ನಮ್ಮ ಊರುಗಳನ್ನು 1956ರಲ್ಲಿ ಹಂಚಿದವರು ಏನು ನೋಡಿದರೋ! ಕೃಷ್ಣೆಯ ನೀರನ್ನೂ 1976ರ ಹೊತ್ತಿಗೆ ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಎಂದು ಅಳೆದು ಕೊಟ್ಟಿತು. ಆ ಜಗಳವಿನ್ನೂ ತೀರಿಲ್ಲ. ಕೃಷ್ಣಾ ಹೆಸರಿನ ಹಡಗು ಮಾತ್ರ ಇಡಿಯಾಗಿ ಉಳಿಯಿತು.

ಉಳಿದ ಕೂಡಲೇ ಕೆಲಸ. 1947ರ ಅಕ್ಟೋಬರ್‌ನಲ್ಲಿ ಜುನಾಗಢದ ನವಾಬನ ಗೊಂದಲದಲ್ಲಿ ಕಾಠಿಯಾವಾಡ ದಂಡೆಯಲ್ಲಿ ಸೈನ್ಯ ಇಳಿಸುವಾಗ ಕೃಷ್ಣಾ, ಕಾವೇರಿ, ಜಮುನಾ ಕಾವಲಿಗಿದ್ದವು. 1950ರ ಜನವರಿ 26ರಂದು ಇಂಗ್ಲೆಂಡ್ ರಾಜನ ಹೆಸರು ಬಿಟ್ಟು ಐಎನ್‌ಎಸ್ ಆದವು. ಕೆಲಕಾಲ 'ಕಿಸ್ತ್ನಾ' ಎಂದೇ ಬರೆದು, ಮುಂದೆ ಕೃಷ್ಣಾ ಎಂದು ತಿದ್ದಿಕೊಂಡರು. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯಲ್ಲಿ ತಂಗಿ ಕಾವೇರಿ ಮೊರ್ಮುಗಾಂವ್ ಮುಂದೆ ಪೋರ್ಚುಗೀಸರ ಆಲ್ಬುಕರ್ಕ್ ಹಡಗಿನ ಮೇಲಿನ ಕಾರ್ಯಾಚರಣೆಯಲ್ಲಿ ಬೇಟ್ವಾ, ಬಿಯಾಸ್ ಜೊತೆಗಿತ್ತು. ಅದೇ ದಿನ ನಮ್ಮ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ಏಳು ನಾವಿಕರು ಪ್ರಾಣ ಕೊಟ್ಟರು.

ಅಷ್ಟರಲ್ಲಿ ಕೃಷ್ಣಾ ಮೇಷ್ಟರಾಗಿತ್ತು. ಕಾವೇರಿ, ತೀರ್ ಹಡಗುಗಳ ಜೊತೆ ಸೇರಿ ಹೊಸ ಕೆಡೆಟ್‌ಗಳಿಗೆ ಸಮುದ್ರ ಕಲಿಸುವ ತರಬೇತಿ ಹಡಗು. ಯುದ್ಧದ ವಯಸ್ಸು ಮುಗಿದ ಎತ್ತನ್ನು ಹೊಸ ಹೋರಿಯ ಜೊತೆ ನೊಗಕ್ಕೆ ಕಟ್ಟಿದಂತೆ. ಖಡಕವಾಸಲೆಯ ಅಕಾಡೆಮಿಯಲ್ಲಿ ಪುಸ್ತಕ ಓದಿ ಬಂದ ಹುಡುಗರು ಇಲ್ಲಿ ಚುಕ್ಕಿ ನೋಡಿ ದಾರಿ ಹಿಡಿಯುವುದು, ಲಂಗರು ಎತ್ತುವುದು, ರಾತ್ರಿ ಪಾಳಿ ಕೂರುವುದು, ಡೆಕ್ ತಿಕ್ಕುವುದು ಎಲ್ಲ ಮಾಡಬೇಕು.

ಗಡಹಿಂಗ್ಲಜ್ ಕಡೆಯ ನಿವೃತ್ತ ನಾವಿಕರೊಬ್ಬರು ಸಂಕೇಶ್ವರದ ಒಂದು ಮದುವೆಯಲ್ಲಿ ನನಗೆ ಸಿಕ್ಕಿದ್ದರು. ಎಪ್ಪತ್ತರ ದಶಕದಲ್ಲಿ ಆ ಹಡಗಿನ ಬಾಯ್ಲರ್ ಖೋಲಿಯಲ್ಲಿ ದುಡಿದವರು. ಊಟದ ಪಂಕ್ತಿಯಲ್ಲೇ ಕೂಡಿಸಿಕೊಂಡು ಹೇಳಿದರು:

"ಏನ್ ಹೇಳ್ಲಿ ತಮ್ಮಾ, ಮೃಗಶಿರಾ ಮಳಿ ಹೊತ್ತಿನ್ಯಾಗ ಅರಬ್ಬಿ ಸಮುದ್ರದಾಗ ಹೊಂಟ್ರ ಹಡಗ ತೊಟ್ಟಿಲ ಆಗ್ತಿತ್ತು. ದೊಡ್ಡ ದೊಡ್ಡ ಮನಿ ಹುಡುಗ್ರು ಬಕೀಟು ಅಪ್ಪಿಕೊಂಡು ಕುಂದರ್ತಿದ್ವು. ನಮ್ಮ ಖೋಲ್ಯಾಗ ಸೆಕೆ ಅಂದ್ರ ಗಾಣದ ಒಲಿ ಮುಂದ ನಿಂತಂಗ. ದಿನಾ ಒಂದು ಪೈಪು ಸೋರ್ತಿತ್ತು, ದಿನಾ ಒಂದು ವಾಲ್ವು ಕೈ ಕೊಡ್ತಿತ್ತು."

ಹಾಗಾದರೆ ಅಂಥ ಹಳೆಯ ಹಡಗಿನಲ್ಲಿ ಮಕ್ಕಳನ್ನು ಯಾಕೆ ಕಲಿಸುತ್ತಿದ್ದರು ಎಂದೆ. ಮುದುಕರು ನನ್ನ ಕಡೆ ತಿರುಗಿ, "ನಿಂದು ಪಂಪ್‌ಸೆಟ್ ಐತೇನು?" ಎಂದು ಕೇಳಿದರು. ಇದೆ ಎಂದೆ. "ಹೊಸಾದು ತಂದಾಗ ಏನ್ ಕಲತಿ? ಗುಂಡಿ ಒತ್ತೂದು. ಹಳೀದು ಕೆಟ್ಟಾಗ ಕಲತದ್ದಪಾ ಪಂಪು ಅಂದ್ರ ಏನಂತ." ಆಮೇಲೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಲು ತಿರುಗಿದರು.

38 ವರ್ಷ ದುಡಿದು ಆ ಹಡಗು 1981ರಲ್ಲಿ ನಿವೃತ್ತಿಯಾಯಿತು. ಅದರಲ್ಲಿ ಯುದ್ಧದ್ದು ಕೇವಲ ಎರಡು ವರ್ಷ. ಇಂಗ್ಲಿಷ್ ಬೆಂಗಾವಲು ಹಡಗಾಗಿ ಹುಟ್ಟಿದ್ದು ಸಾಯುವಾಗ ಕನಿಷ್ಠ ಒಂದು ತಲೆಮಾರಿನ ನೌಕಾ ಅಧಿಕಾರಿಗಳಿಗೆ ಮೊದಲ ಶಾಲೆಯಾಗಿತ್ತು. ಹೆಸರು ಮಾತ್ರ ಖಾಲಿ ಬಿಡಲಿಲ್ಲ. 1995ರ ಆಗಸ್ಟ್‌ನಲ್ಲಿ ಬ್ರಿಟನ್ನಿನಿಂದ ಕೊಂಡ ಆಂಡ್ರೋಮಿಡಾ ಎಂಬ ಫ್ರಿಗೇಟಿಗೆ ಅದೇ ಹೆಸರಿಟ್ಟು ತರಬೇತಿಗೇ ಹಾಕಿದರು. ಅದೂ ಸೆಕೆಂಡ್‌ಹ್ಯಾಂಡ್, 1982ರ ಫಾಕ್‌ಲ್ಯಾಂಡ್ಸ್ ಯುದ್ಧ ಕಂಡು ಬಂದದ್ದು. ದೋಣಿ ಹುಡುಗನ ಹಿರಿಯರು ದುಡಿದದ್ದು ಅದರಲ್ಲಿ. 2012ರ ಮೇ ತಿಂಗಳಲ್ಲಿ ಅದೂ ಇಳಿಯಿತು. 2023ರ ಮಾರ್ಚ್‌ನಲ್ಲಿ ರಕ್ಷಣಾ ಇಲಾಖೆ ಮೂರು ಹೊಸ ಕೆಡೆಟ್ ತರಬೇತಿ ಹಡಗುಗಳಿಗೆ 3,100 ಕೋಟಿ ರೂಪಾಯಿ ಮೀರಿದ ಒಪ್ಪಂದ ಮಾಡಿಕೊಂಡಿತು. ಕಟ್ಟುವ ಜಾಗ ಕ್ಲೈಡ್ ದಂಡೆ ಅಲ್ಲ, ಚೆನ್ನೈ ಬಳಿಯ ಕಾಟ್ಟುಪಳ್ಳಿ.

ಪೂರ ಇಳಿದು ಹೊಲದ ಕೆಸರು ಒಣಗಿದ ಮೇಲೆ, ಕಬ್ಬಿನ ಪರಿಹಾರದ ಅರ್ಜಿ ಕೊಟ್ಟು ಮುಗಿದ ಮೇಲೆ, ಒಂದು ಸಲ ಮನೆಯವರನ್ನೆಲ್ಲ ಕರಕೊಂಡು ಕಾರವಾರಕ್ಕೆ ಹೋಗಿದ್ದೆ. ಅಲ್ಲಿಯ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ನಿಲ್ಲಿಸಿದ್ದಾರೆ. ಟಿಕೆಟ್ ತೆಗೆದರೆ ಒಳಗೆಲ್ಲ ಓಡಾಡಬಹುದು. ಅಣ್ಣನ ಮೊಮ್ಮಗ ಚುಕ್ಕಾಣಿ ಹಿಡಿದು ತಿರುವಿ ತಿರುವಿ ಬೇಸತ್ತು ಕೇಳಿದ:

"ಮುತ್ಯಾ, ನಮ್ಮ ಕೃಷ್ಣಾ ಹಡಗ ಎಲ್ಲಿ ನಿಲ್ಲಿಸ್ಯಾರ?"

"ಎಲ್ಲೂ ನಿಲ್ಲಿಸಿಲ್ಲ, ಒಡದ ಕಬ್ಬಿಣ ಮಾಡ್ಯಾರ" ಎಂದೆ.

ಅವನು ಸ್ವಲ್ಪ ಹೊತ್ತು ಸಮುದ್ರ ನೋಡಿ, ಹಾಗಾದರೆ ವಾಡಿಯ ಸಂಗಮದಲ್ಲಿ ಒಂದು ಬೋರ್ಡಾದರೂ ಹಚ್ಚಬೇಕು ಎಂದ. ಯಾವ ಭಾಷೆಯಲ್ಲಿ ಎಂದು ಕೇಳಿದೆ. ಮೂರರಲ್ಲೂ ಎಂದ.